ಡಾಕ್ಟರ್‌ಗೆ ವರ್ಷ ಕಳೆದಷ್ಟೂ ಕೈ ಪಳಗುತ್ತದಾ?

ಪ್ರಶ್ನೆ: ನಮ್ಮ ಫ್ಯಾಮಿಲಿ ಡಾಕ್ಟರ್‌ಗೆ ಮೂವತ್ತು ವರ್ಷದ ಅನುಭವ. ಹೊಸಬರಿಗಿಂತ ಅವರೇ ಕಾಯಿಲೆಯನ್ನು ಸರಿಯಾಗಿ ಕಂಡುಹಿಡಿಯುತ್ತಾರೆ ಅಲ್ವಾ?

ಬಹಳ ಸಲ ಹೌದು. ಆದರೆ ಮೂವತ್ತು ವರ್ಷ ಅನ್ನುವ ಲೆಕ್ಕವನ್ನೇ ನಂಬಿ ಕೂರಬೇಡಿ.

ಹೊಸ ಡಾಕ್ಟರ್ ಲಕ್ಷಣಗಳನ್ನು ಒಂದೊಂದಾಗಿ ಕೂಡಿಸಿ ಯೋಚಿಸುತ್ತಾರೆ. ಹಳಬರಿಗೆ ರೋಗಿ ಒಳಗೆ ಬಂದು ಕುರ್ಚಿಯಲ್ಲಿ ಕೂರುವುದರೊಳಗೆ ಅರ್ಧ ವಿಷಯ ಗೊತ್ತಾಗಿರುತ್ತದೆ, ಯಾಕೆಂದರೆ ಅಂಥವರನ್ನು ಅವರು ನೂರಾರು ಸಲ ನೋಡಿದ್ದಾರೆ. ದಿನಾ ಬರುವ ಕಾಯಿಲೆಗಳಿಗೆ ಇದು ಚೆನ್ನಾಗಿ ನಡೆಯುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಅಡುಗೆ ಮಾಡಿದವರಿಗೆ ಉಪ್ಪು ಜಾಸ್ತಿಯಾಗಿದ್ದು ಊಟದ ಹೊತ್ತಿಗೇ ಗೊತ್ತಾಗುತ್ತದೆ. ಡಾಕ್ಟರ್‌ಗೆ ಹಾಗಲ್ಲ. ಕೆಮ್ಮು ಅಂತ ಬಂದವರು ಔಷಧಿ ತಗೊಂಡು ಹೋದರು, ಮತ್ತೆ ಬರಲಿಲ್ಲ. ವಾಸಿಯಾಯಿತಾ, ಇಲ್ಲಾ ಸಾಕಾಗಿ ಬೇರೆ ಡಾಕ್ಟರ್ ಹತ್ತಿರ ಹೋದರಾ? ತಪ್ಪು ಗೊತ್ತೇ ಆಗದಿದ್ದರೆ ತಿದ್ದಿಕೊಳ್ಳುವುದು ಹೇಗೆ? ಅದೇ ತಪ್ಪು ಇಪ್ಪತ್ತು ವರ್ಷ ನಡೆದರೆ ಅದಕ್ಕೂ ಅನುಭವ ಅಂತಲೇ ಹೆಸರು.

2005ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಯನಗಳಲ್ಲಿ, ಅಳೆದ ಎಲ್ಲ ವಿಷಯಗಳಲ್ಲೂ, ವರ್ಷ ಹೆಚ್ಚಾದಂತೆ ಡಾಕ್ಟರ್‌ಗಳ ಕೆಲಸದ ಮಟ್ಟ ಇಳಿದಿತ್ತು. ಅಲ್ಲಿ ಅಳೆದದ್ದು ರೋಗ ಪತ್ತೆಯೊಂದನ್ನೇ ಅಲ್ಲ, ಹೊಸ ತಿಳಿವಳಿಕೆ, ಚಿಕಿತ್ಸೆಯ ಕ್ರಮ ಎಲ್ಲ ಸೇರಿತ್ತು. 2013ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಗಾಬರಿ ಹುಟ್ಟಿಸಿತು. ಅಮೆರಿಕದ 118 ಡಾಕ್ಟರ್‌ಗಳಿಗೆ ಸುಲಭದ ಕೇಸು, ಕಷ್ಟದ ಕೇಸು ಎರಡನ್ನೂ ಕೊಟ್ಟರು. ಸುಲಭದ್ದರಲ್ಲಿ ಸುಮಾರು 55% ಸರಿ, ಕಷ್ಟದ್ದರಲ್ಲಿ ಬರೀ 6%. ಆದರೆ ತಮ್ಮ ಉತ್ತರದ ಮೇಲಿನ ಭರವಸೆ? ಹತ್ತಕ್ಕೆ 7.2 ಇದ್ದದ್ದು 6.4ಕ್ಕೆ ಇಳಿಯಿತು, ಅಷ್ಟೇ!

ಪರಿಚಯ ಕೂಡ ಕೆಲವೊಮ್ಮೆ ಕಣ್ಣು ಕಟ್ಟುತ್ತದೆ. ಥೈರಾಯ್ಡ್ ಕಮ್ಮಿಯಾದಾಗ ಮುಖ ನಿಧಾನಕ್ಕೆ ಊದಿಕೊಳ್ಳುತ್ತದೆ, ದನಿ ಗಡುಸಾಗುತ್ತದೆ. ತಿಂಗಳು ತಿಂಗಳೂ ಆ ಮುಖ ನೋಡುವ ಡಾಕ್ಟರ್‌ಗೆ (ಮನೆಯವರಿಗೂ) ಅದು ಕಾಣಿಸದೆ ಹೋಗಬಹುದು. ಅವರು ರಜೆ ಹಾಕಿದ ದಿನ ಬಂದ ಹೊಸಬರು ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ.

ಹಾಗಂತ ಡಾಕ್ಟರ್ ಬದಲಿಸಬೇಕಿಲ್ಲ. "ಮೂರು ದಿನದಲ್ಲಿ ಕಮ್ಮಿ ಆಗದಿದ್ದರೆ ಬಂದು ತೋರಿಸಿ" ಅನ್ನುತ್ತಾರಾ ನೋಡಿ. "ಇದು ಬೇರೆ ಏನಾದರೂ ಇರಬಹುದಾ?" ಅಂತ ಕೇಳಿದರೆ ಸಿಡುಕುತ್ತಾರಾ, ಯೋಚಿಸುತ್ತಾರಾ ನೋಡಿ. ಬೇರೆ ಕಡೆ ತೋರಿಸಿ ಇನ್ನೇನೋ ಕಾಯಿಲೆ ಅಂತ ಗೊತ್ತಾದರೆ, ಮುಜುಗರ ಬಿಟ್ಟು ಹಳೇ ಡಾಕ್ಟರ್‌ಗೆ ಒಂದು ಫೋನ್ ಮಾಡಿ ಹೇಳಿ. ನೀವು ಹೇಳದಿದ್ದರೆ ಅವರ ಲೆಕ್ಕದಲ್ಲಿ ನಿಮಗೆ ವಾಸಿಯಾಗಿದೆ.