ಉಳಿಕೆ ಅಪಾಯ: ಎರಡು ಪಂಪು, ಒಂದೇ ಕೆರೆ

ಮಾಡಬಹುದಾದ ಮುನ್ನೆಚ್ಚರಿಕೆಯನ್ನೆಲ್ಲ ಮಾಡಿ ಮುಗಿಸಿದ ಮೇಲೂ ಬಾಕಿ ಇರುವ ಅಪಾಯಕ್ಕೆ ರಿಸ್ಕ್ ಮ್ಯಾನೇಜ್‌ಮೆಂಟಿನವರು ‘ರೆಸಿಡ್ಯುಯಲ್ ರಿಸ್ಕ್’ ಅನ್ನುತ್ತಾರೆ. ನಾವು ಉಳಿಕೆ ಅಪಾಯ ಅನ್ನೋಣ. ಇದನ್ನು ಸೊನ್ನೆಗೆ ಇಳಿಸಬಹುದೇ? ಕೆಲಸವನ್ನೇ ಕೈಬಿಟ್ಟರೆ ಇಳಿಸಬಹುದು. ಕೆಲಸ ನಡೆಯಬೇಕು ಅಂದರೆ ಆಗದು.

ಚಿಕ್ಕಮಗಳೂರು ಕಡೆಯ ಒಂದು ರೊಬಸ್ಟಾ ಕಾಫಿ ತೋಟ ತೆಗೆದುಕೊಳ್ಳಿ. ಬೇಸಿಗೆ ಶುರುವಿಗೆ ಮೊಗ್ಗು ಅರಳಿಸುವ ಹೂಮಳೆ ಬರಬೇಕು, ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಮೊಗ್ಗು ಬಲಿತ ಹೊತ್ತಿಗೆ ಸ್ಪ್ರಿಂಕ್ಲರ್ ಜೆಟ್ ಇಟ್ಟು ಒಂದು ಇಂಚಿಗೂ ಮಿಕ್ಕಿ ನೀರು ಹೊಡೆಯುತ್ತಾರೆ. ಹೂ ಅರಳಿ ಎರಡು ಮೂರು ವಾರಕ್ಕೆ ‘ಬ್ಯಾಕಿಂಗ್’ ಅಂತ ಇನ್ನೊಂದು ಸುತ್ತು. ಮಳೆ ಕೈಕೊಡುವ ಅಪಾಯ ತಗ್ಗಿತು, ಆದರೆ ಅದರ ಜಾಗಕ್ಕೆ ಕರೆಂಟಿನ ಚಿಂತೆ ಬಂತು. ತ್ರೀ ಫೇಸ್ ಬರುವುದು ಯಾವಾಗಲೋ, ಹೋಗುವುದು ಯಾವಾಗಲೋ. ತೋಟದ ಸಾಹುಕಾರರು ಡೀಸೆಲ್ ಪಂಪನ್ನೂ ತಂದಿಟ್ಟರು. ಈಗ ಪಂಪು ಎರಡು, ಎರಡರ ಫುಟ್‌ವಾಲ್ವೂ ಇಳಿದಿರುವುದು ಒಂದೇ ಕೆರೆಗೆ. ಕೆರೆ ತಳ ಕಂಡ ವರ್ಷ ಎರಡೂ ಒಟ್ಟಿಗೇ ಗಾಳಿ ಎಳೆಯುತ್ತವೆ. ನೀರು ಸಾಲದೆ ನಡುವೆ ನಿಂತರೆ ಹೂವು ಅರೆಬರೆ ಅರಳಿ ಕಾಯಿ ಕಚ್ಚುವುದಿಲ್ಲ.

ಇದಕ್ಕೆ ‘ಕಾಮನ್ ಕಾಸ್’ ವೈಫಲ್ಯ ಎಂದು ಹೆಸರು: ಬೇರೆ ಬೇರೆ ಅಂದುಕೊಂಡ ರಕ್ಷಣೆಗಳು ಒಂದೇ ಕಾರಣಕ್ಕೆ ಕೈಕೊಡುವುದು. ಉಳಿಕೆ ಅಪಾಯವನ್ನು ಜನ ಕಡಿಮೆ ಅಂದಾಜು ಮಾಡುವುದು ಹೆಚ್ಚಾಗಿ ಇಲ್ಲೇ ಅಂತ ನನ್ನ ಎಣಿಕೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಮೇಲಿರುವ ನಮ್ಮ ಉಪಗ್ರಹಗಳ ನಿಗಾ ನೋಡಿಕೊಳ್ಳುವ ಕೇಂದ್ರ. 2013ರ ಜುಲೈಯಲ್ಲಿ ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ದಾರಿ ತೋರಿಸುವ ಉಪಗ್ರಹಕ್ಕೆ ಗಡಿಯಾರವೇ ಜೀವ, ಅದಕ್ಕೇ ಒಂದಕ್ಕೆ ಮೂರು. ಮೂರೂ ಕೆಟ್ಟವು. ಎಲ್ಲವೂ ಸ್ವಿಟ್ಜರ್‌ಲೆಂಡಿನ ಒಂದೇ ಕಂಪನಿಯಿಂದ ಬಂದವು. ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲೂ ಅದೇ ಕಂಪನಿಯ ಗಡಿಯಾರಗಳು ತೊಂದರೆ ಕೊಟ್ಟವು. ಬದಲಿ ಉಪಗ್ರಹವನ್ನು 2017ರ ಆಗಸ್ಟ್ 31ರಂದು ಹಾರಿಸಿದರೆ, ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದೆ ಅದೂ ಹೋಯಿತು. ಗಡಿಯಾರಕ್ಕೂ ಶಾಖಕವಚಕ್ಕೂ ಸಂಬಂಧವೇ ಇಲ್ಲ! ಮತ್ತೊಂದು ಬದಲಿ ಕಕ್ಷೆ ಸೇರಿದ್ದು 2018ರ ಏಪ್ರಿಲ್‌ನಲ್ಲಿ. 2023ರಲ್ಲಿ ಹಾರಿದ, ಇದೇ ಸಾಲಿನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ಗಡಿಯಾರವೂ ಇತ್ತು.

ಇನ್ನು ಮನುಷ್ಯರ ತಪ್ಪು. ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದರಲ್ಲಿ ಎರಡು ಜಾತಿ ಗುರುತಿಸಿದರು. ಮಾಡಬೇಕಾದ್ದು ಗೊತ್ತಿದ್ದೂ ಕೈ ತಪ್ಪುವುದು ಒಂದು. ಅಂದುಕೊಂಡದ್ದೇ ತಪ್ಪಾಗಿರುವುದು ಇನ್ನೊಂದು. ಮೊದಲನೆಯದನ್ನು ಬಹುಮಟ್ಟಿಗೆ ಕಟ್ಟಿಹಾಕಬಹುದು; ಸಿಮ್ ಕಾರ್ಡಿನ ಮೂಲೆ ಕತ್ತರಿಸಿರುವುದೇ ಉಲ್ಟಾ ಹಾಕದಿರಲಿ ಅಂತ. ಎರಡನೆಯದು ಮಾಡುವ ಹೊತ್ತಿಗೆ ತಪ್ಪಿನ ಹಾಗೆ ಕಾಣುವುದೇ ಇಲ್ಲ. ಎರಡನೇ ಪಂಪು ತರುವಾಗ ಎಲ್ಲರಿಗೂ ಅದು ಜಾಣತನವೇ. ‘ನಮ್ಮಲ್ಲಿ ತಪ್ಪೇ ಆಗಬಾರದು’ ಎಂದು ಗದರುವ ಕಡೆ ತಪ್ಪು ನಿಲ್ಲುವುದಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಸುದ್ದಿ ಹೇಳುವುದು ನಿಲ್ಲಿಸುತ್ತಾನೆ ಅಷ್ಟೆ.

ಉಳಿದ ಅಪಾಯವನ್ನು ಹೊರಬೇಕು, ಇಲ್ಲವೇ ದುಡ್ಡು ಕೊಟ್ಟು ಬೇರೆಯವರ ಹೆಗಲಿಗೆ ದಾಟಿಸಬೇಕು. ದಾಟಿಸುವುದೆಂದರೆ ವಿಮೆ. ಮಲೆನಾಡಿನಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಪರಿಹಾರ ಲೆಕ್ಕ ಹಾಕುವುದು ನಿಮ್ಮ ತೋಟದ ಬೆಳೆ ನೋಡಿ ಅಲ್ಲ, ಮಳೆಮಾಪಕದಂಥ ಹವಾಮಾನ ಕೇಂದ್ರದ ಅಂಕಿ ನೋಡಿ. ನಮ್ಮಲ್ಲಿ ಗುಡ್ಡದ ಆಚೆ ಸುರಿದ ಮಳೆ ಈಚೆ ಹನಿಯೂ ಇರದಿರಬಹುದು. ತೋಟ ಕೊಳೆತರೂ ಮಾಪಕ ಸುಮ್ಮನಿದ್ದರೆ ದುಡ್ಡು ಬರುವುದಿಲ್ಲ. ಈ ಉಳಿಕೆಗೂ ಹೆಸರಿದೆ, ಬೇಸಿಸ್ ರಿಸ್ಕ್. ಮುಂದಿನ ಸಲ ವಿಮೆ ಮಾಡಿಸುವಾಗ ಕಂತು ಎಷ್ಟು ಅಂತ ಕೇಳುವುದರ ಜೊತೆಗೆ, ನಿಮ್ಮ ಪಂಚಾಯಿತಿಯ ಮಳೆಮಾಪಕ ಗುಡ್ಡದ ಯಾವ ಮಗ್ಗುಲಿಗಿದೆ ಅಂತಲೂ ವಿಚಾರಿಸಿ.