ರಿಕಾಂಬಿನೆಂಟ್ ಹ್ಯೂಮನ್ ಎಂಜೈಮ್: ಲೇಬಲ್ಲಿನ ಮಾತಿಗೆ ಅರ್ಥವೇನು?

ಈ ಹೆಸರು ಹೊತ್ತ ಪುಟ್ಟ ಸೀಸೆಯೊಳಗಿನ ಕಿಣ್ವ ಯಾವ ಮನುಷ್ಯನ ಮೈಯಿಂದಲೂ ಬಂದದ್ದಲ್ಲ. ಮಾನವನದ್ದು ಅದರ ಅಮೈನೋ ಆಮ್ಲಗಳ ಸರಣಿ ಮಾತ್ರ. ಆ ಸರಣಿಯ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಕ್ಕೆ ಬೆಸೆದು, ಬೇರೊಂದು ಜೀವಕೋಶಕ್ಕೆ ಸೇರಿಸಿ, ಅದರಿಂದ ಪ್ರೋಟೀನು ಮಾಡಿಸುತ್ತಾರೆ. ಬೇರೆ ಬೇರೆ ಮೂಲದ ಡಿಎನ್‌ಎ ಬೆಸೆದಿದ್ದರಿಂದ 'ರಿಕಾಂಬಿನೆಂಟ್', ಕನ್ನಡದಲ್ಲಿ 'ಮರುಸಂಯೋಜಿತ'.

ಯಾವ ಕೋಶದಲ್ಲಿ ಮಾಡಿದ್ದು ಎಂಬುದನ್ನು ಮೊದಲು ನೋಡಿ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕೆಲಸ ಬೇಗ, ಖರ್ಚು ಕಡಿಮೆ. ಆದರೆ ಮಾನವ ಕೋಶ ಪ್ರೋಟೀನಿಗೆ ಜೋಡಿಸುವ ಸಕ್ಕರೆ ಸರಪಳಿಗಳನ್ನು ಅದು ಜೋಡಿಸದು. ಕೋಶದ್ರವದಲ್ಲೇ ಇರುವ ಕಾರ್ಬಾನಿಕ್ ಅನ್‌ಹೈಡ್ರೇಸ್-2 ಎಂಬ ಕಿಣ್ವಕ್ಕೆ ಆ ಸಕ್ಕರೆ ಬೇಕಿಲ್ಲ, ಇ. ಕೋಲಿ ಸಾಕು. ಅದರ ಕ್ರಿಯಾಕೇಂದ್ರದಲ್ಲಿ ಸತುವಿನ ಅಯಾನು ಇರುವುದರಿಂದ ಬೆಳೆಸುವ ಮಾಧ್ಯಮಕ್ಕೆ ಜಿಂಕ್ ಲವಣ ಬೆರೆಸುವುದು ರೂಢಿ. ಕೋಶದಿಂದ ಹೊರಕ್ಕೆ ಸ್ರವಿಸುವ, ಆ ಸಕ್ಕರೆ ಬೇಕಾಗುವ ಕಿಣ್ವಗಳಿಗೆ ಸಾಮಾನ್ಯವಾಗಿ ಎಚ್‌ಇಕೆ293ರಂಥ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಮೂಲದ ಕೋಶ) ಸಸ್ತನಿ ಕೋಶಗಳನ್ನು ಬಳಸುತ್ತಾರೆ. ಅಂಥವು, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಲೆಕ್ಕದ ತೂಕಕ್ಕಿಂತ ಮೇಲೆ ನಿಂತರೆ ಕಲಬೆರಕೆ ಎಂದು ಗಾಬರಿಯಾಗಬೇಡಿ, ಅದು ಸಕ್ಕರೆಯ ಪ್ರಭಾವ ಇದ್ದೀತು.

'ಹಿಸ್ ಟ್ಯಾಗ್' ಎಂದರೆ ಪ್ರೋಟೀನಿನ ತುದಿಗೆ ಅಂಟಿಸಿದ, ಸಾಮಾನ್ಯವಾಗಿ 6 ಹಿಸ್ಟಿಡಿನ್ ಅಮೈನೋ ಆಮ್ಲಗಳ ಬಾಲ. ಹಿಸ್ಟಿಡಿನ್ ನಿಕಲ್ಲಿಗೆ ಅಂಟುವುದರಿಂದ, ನಿಕಲ್ ತುಂಬಿದ ಕೊಳವೆಯಲ್ಲಿ (ಕಾಲಂ) ಹಿಡಿದು ಶುದ್ಧಗೊಳಿಸಲು ಅದು ಹಿಡಿಕೆಯಿದ್ದಂತೆ.

ಹೆಚ್ಚಿನವರು ಎಡವುವುದು ಪ್ರಮಾಣದ ವಿಷಯದಲ್ಲಿ. '10 ಮೈಕ್ರೋಗ್ರಾಂ' ಎಂಬುದು ತೂಕ, ಚಟುವಟಿಕೆಯಲ್ಲ. ಶೇ. 95 ಶುದ್ಧವಾಗಿದ್ದೂ ಪ್ರೋಟೀನು ಮಡಚಿಕೊಂಡ ಆಕಾರ ಕೆಟ್ಟಿದ್ದರೆ ಕಿಣ್ವ ಸತ್ತಂತೆಯೇ. ಸಾಮಾನ್ಯವಾಗಿ, ನಿಮಿಷಕ್ಕೆ 1 ಮೈಕ್ರೋಮೋಲ್ ಸಬ್‌ಸ್ಟ್ರೇಟನ್ನು (ಕಿಣ್ವ ಕೆಲಸ ಮಾಡುವ ವಸ್ತುವನ್ನು) ಬದಲಿಸುವಷ್ಟು ಕಿಣ್ವ 1 ಯೂನಿಟ್. ಉಷ್ಣತೆ, ಪಿಎಚ್, ಸಬ್‌ಸ್ಟ್ರೇಟ್ ಬೇರೆಯಾದರೆ ಎರಡು ಸೀಸೆಗಳ ಯೂನಿಟ್ಟನ್ನು ಹೋಲಿಸುವುದು ವ್ಯರ್ಥ.

ಒಣಪುಡಿಯಾಗಿ ಬಂದ ಸೀಸೆ ಬರಿದಾಗಿಯೇ ಕಾಣುತ್ತದೆ. ಮುಚ್ಚಳಕ್ಕೆ ಅಂಟಿದ್ದು ಕೆಳಗಿಳಿಯಲು ತೆರೆಯುವ ಮುನ್ನ ಸೆಂಟ್ರಿಫ್ಯೂಜ್ ಮಾಡಿ. 10 ಮೈಕ್ರೋಗ್ರಾಂಗೆ 100 ಮೈಕ್ರೋಲೀಟರ್ ಬಫರ್ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಹಾಕಿದರೆ ಮಿಲಿಲೀಟರಿಗೆ 0.1 ಮಿಲಿಗ್ರಾಂ, 29 ಕಿಲೋಡಾಲ್ಟನ್ ತೂಗುವ ಕಾರ್ಬಾನಿಕ್ ಅನ್‌ಹೈಡ್ರೇಸ್-2ರಲ್ಲಿ ಇದು ಸುಮಾರು 3.4 ಮೈಕ್ರೋಮೋಲಾರ್. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸುವುದು ಬೇಡ, ನೊರೆಯೆದ್ದರೆ ಪ್ರೋಟೀನು ಕೆಡುತ್ತದೆ. ಇದಕ್ಕಿಂತ ಬಹಳ ತೆಳುವಾಗಿಸಿ ಇಟ್ಟರೆ ಟ್ಯೂಬಿನ ಗೋಡೆಯೇ ಪ್ರೋಟೀನನ್ನು ನುಂಗುತ್ತದೆ, ಆಗ ಶೇ. 0.1 ಬಿಎಸ್‌ಎ (ದನದ ರಕ್ತದಿಂದ ಪಡೆದ ಪ್ರೋಟೀನು) ಬೆರೆಸುವುದುಂಟು. ಒಂದೊಂದು ಸಲಕ್ಕೆ ಬೇಕಾಗುವಷ್ಟನ್ನೇ ಹಂಚಿ -80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಕರಗಿಸಿದ್ದನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಚಟುವಟಿಕೆ ಇಳಿಯುತ್ತದೆ.

ಬಫರಿನ ಮೇಲೂ ಕಣ್ಣಿರಲಿ. ಕೆಡದಿರಲೆಂದು ಹಾಕುವ ಸೋಡಿಯಂ ಅಜೈಡ್ ಕಾರ್ಬಾನಿಕ್ ಅನ್‌ಹೈಡ್ರೇಸನ್ನೇ ತಡೆಯುತ್ತದೆ. ಅದರ ಪರೀಕ್ಷೆಗೆ ಬಳಸುವ 4-ನೈಟ್ರೋಫಿನೈಲ್ ಅಸಿಟೇಟ್ ಕಿಣ್ವವಿಲ್ಲದೆಯೂ ನೀರಿನಲ್ಲಿ ತಾನಾಗಿ ಒಡೆದು ಹಳದಿಯಾಗುತ್ತದೆ. ಆದ್ದರಿಂದ ಕಿಣ್ವ ಹಾಕದ ಬ್ಲಾಂಕಿನ ವೇಗವನ್ನು ಪ್ರತಿ ಸಲ ಅಳೆದು ಕಳೆಯಬೇಕು.

'ಸಂಶೋಧನಾ ಬಳಕೆಗೆ ಮಾತ್ರ' ಎಂದಿದ್ದರೆ ರೋಗಪತ್ತೆಗಾಗಲಿ ಚಿಕಿತ್ಸೆಗಾಗಲಿ ಅದು ಸಲ್ಲದು. ಇ. ಕೋಲಿಯಿಂದ ಬಂದದ್ದರಲ್ಲಿ ಆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಉಳಿದಿರಬಹುದು, ಅದನ್ನು ಅಳೆಯದೆ ಕೋಶಗಳ ಮೇಲೆ ಸುರಿದರೆ ಕಾಣುವ ಪರಿಣಾಮ ಕಿಣ್ವದ್ದೋ ಎಂಡೋಟಾಕ್ಸಿನ್ನದ್ದೋ ತಿಳಿಯದು.