ಪ್ಯಾರಾಥೈರಾಯ್ಡ್ ಸುಡುವ ಮೊದಲು ನೀರಿನ ಬದು

ಮೊದಲು ಹೆಸರಿನ ಗೊಂದಲ ಮುಗಿಸೋಣ. ಥೈರಾಯ್ಡ್ ಬೇರೆ, ಪ್ಯಾರಾಥೈರಾಯ್ಡ್ ಬೇರೆ. ಕುತ್ತಿಗೆಯಲ್ಲಿರುವ ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ, ಒಂದೊಂದೂ ತೊಗರಿಬೇಳೆಯಷ್ಟು. 1880ರಲ್ಲಿ ಇವುಗಳ ಬಗ್ಗೆ ಬರೆದ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಮೊದಲು ಇವನ್ನು ಗಮನಿಸಿದ್ದು ನಮ್ಮ ಹಾಗೆ ಮೆಡಿಕಲ್ ಓದುತ್ತಿದ್ದಾಗ!

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಇವು ಪಿಟಿಎಚ್ ಅನ್ನೋ ಹಾರ್ಮೋನ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತದೆ, ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ. ಒಂದು ಗ್ರಂಥಿ ಬೆಳೆದು ಗಡ್ಡೆಯಾಗಿ ಸುಮ್ನೆ ಪಿಟಿಎಚ್ ಸುರಿಸುತ್ತಲೇ ಇದ್ದರೆ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ. ನಾನು ಇಂಟರ್ನಲ್ಸ್ ಪರೀಕ್ಷೆಯಲ್ಲಿ ಎಡವಿದ ಜಾಗ ಇದು: ಕ್ಯಾಲ್ಸಿಯಂ ಜಾಸ್ತಿ ಇದ್ದಾಗ ಪಿಟಿಎಚ್ ತಗ್ಗಬೇಕು. ತಗ್ಗದೆ ನಾರ್ಮಲ್ ಅಂತ ಬಂದರೂ ಅದು ನಾರ್ಮಲ್ ಅಲ್ಲ.

ಡಯಾಲಿಸಿಸ್‌ನವರ ಕಥೆ ಬೇರೆ. ಕಿಡ್ನಿ ಕೆಟ್ಟು ನಾಲ್ಕೂ ಗ್ರಂಥಿಗಳು ಊದಿಕೊಳ್ಳಬಹುದು.

ಈಗ ಆಪರೇಷನ್ ಇಲ್ಲದೆ ಈ ಗಡ್ಡೆಯನ್ನು ಸುಡುವ ವಿಷಯ. ಕುತ್ತಿಗೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ತೆಳು ಸೂಜಿಯನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಮೈಕ್ರೋವೇವ್, ರೇಡಿಯೋ ತರಂಗ ಅಥವಾ ಲೇಸರ್‌ನಿಂದ ಅದರ ತುದಿ ಕಾಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶಗಳು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ಸಾಯುತ್ತವೆ. ಸುಡುವುದು ಸುಲಭ, ಕಷ್ಟ ಇರುವುದು ಅಕ್ಕಪಕ್ಕದವರನ್ನು ಉಳಿಸುವುದರಲ್ಲಿ. ಒತ್ತಿನಲ್ಲೇ ಧ್ವನಿಪೆಟ್ಟಿಗೆಯ ನರ, ಶ್ವಾಸನಾಳ, ಅನ್ನನಾಳ.

ಮಂಡ್ಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಬ್ಬಿನ ತರಗಿಗೆ ಬೆಂಕಿ ಇಡುವ ಮುಂಚೆ ಪಕ್ಕದ ಗದ್ದೆಗೆ ಹತ್ತದಿರಲಿ ಅಂತ ನಮ್ಮಪ್ಪ ಬದುವಿನ ಉದ್ದಕ್ಕೂ ನೀರು ಹಾಯಿಸುತ್ತಾರೆ. ಇಲ್ಲೂ ಅದೇ ಉಪಾಯ. ಗಡ್ಡೆಗೂ ನರಕ್ಕೂ ನಡುವೆ ದ್ರವ ತುಂಬಿ ಎರಡನ್ನೂ ದೂರ ಸರಿಸುತ್ತಾರೆ. ರೇಡಿಯೋ ತರಂಗದಲ್ಲಿ ಉಪ್ಪುನೀರು ಬೇಡ, ಅದರಲ್ಲಿ ಕರೆಂಟ್ ಹರಿಯುತ್ತದೆ. 5% ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ನೀರು, ಬಳಸುತ್ತಾರೆ. ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ಇದನ್ನು ಕೇಳಿಯೇ ಕೇಳುತ್ತಾರೆ ಅಂತ ನನ್ನ ಗುಮಾನಿ.

ರೋಗಿ ಎಚ್ಚರವಾಗಿರುವುದರಿಂದ ನಡುನಡುವೆ ಮಾತಾಡಿಸಬಹುದು. 'ಊಟಕ್ಕೆ ಏನ್ ಮಾಡಿದ್ರಮ್ಮಾ?' ಅಂದಾಗ ಉತ್ತರ ಗೊಗ್ಗರಾಗಿ ಬಂದರೆ ಕೂಡಲೇ ನಿಲ್ಲಿಸಬೇಕು.

ಹಾಗಂತ ಆಪರೇಷನ್ ಹಳತಾಯಿತು ಅಂತ ಪರೀಕ್ಷೆಯಲ್ಲಿ ಬರೆದು ಬರಬೇಡಿ. ಇವತ್ತಿಗೂ ಮೊದಲ ಆಯ್ಕೆ ಅದೇ. ಪೂರ್ತಿ ಅರಿವಳಿಕೆ ತಡೆಯಲಾಗದವರಿಗೆ, ಕತ್ತರಿ ಬೇಡ ಅನ್ನುವವರಿಗೆ ಇದು ದಾರಿ. ಅಲ್ಟ್ರಾಸೌಂಡ್‌ಗೆ ಗಡ್ಡೆ ಕಾಣದಿದ್ದರೆ ಸುಡುವ ಮಾತೇ ಇಲ್ಲ. ಸುಟ್ಟ ಮೇಲೆ ಪೆಥಾಲಜಿಗೆ ಕಳಿಸಲು ಗಡ್ಡೆಯೂ ಕೈಗೆ ಸಿಗುವುದಿಲ್ಲ.

ಮುಗಿದ ಮೇಲೆ ತುಟಿ, ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಅಂದರೆ ಕ್ಯಾಲ್ಸಿಯಂ ನೋಡಿ. ಇಷ್ಟು ದಿನ ಕೊಟ್ಟೂ ಕೊಟ್ಟೂ ಬರಿದಾದ ಮೂಳೆ ಈಗ ಹಸಿದವರ ಹಾಗೆ ಅದನ್ನು ಎಳೆದುಕೊಳ್ಳುತ್ತಿರುತ್ತದೆ.